ಬೊಂಬೆಯ ತಲೆಗೆ ನೋವಾಗುವುದಿಲ್ಲ

ಇದ್ದ ಕೂದಲಿಗೆ ಇಲ್ಲದ ಕೂದಲು ಸೇರಿಸಿ ಜಡೆ ಉದ್ದ ಮಾಡುವುದು ನಮ್ಮವರಿಗೆ ಹೊಸ ವಿದ್ಯೆಯೇನಲ್ಲ. ಕೂದಲಿದ್ದವಳು ಹೇಗೆ ತುರುಬು ಕಟ್ಟಿದರೂ ಚೆಂದ ಎನ್ನುವ ನಾಡಿನಲ್ಲೇ ಕೂದಲಿಲ್ಲದವಳಿಗಾಗಿ ಚೌರಿಯೂ ಹುಟ್ಟಿಕೊಂಡಿತು. ಮದುಮಗಳ ಮೊಗ್ಗಿನ ಜಡೆಗೆ, ಭರತನಾಟ್ಯದ ಹುಡುಗಿಯ ಬೆನ್ನ ಮೇಲಿಳಿಯುವ ಹೆರಳಿಗೆ, ಕಂಪನಿ ನಾಟಕದ ಸ್ತ್ರೀಪಾತ್ರಕ್ಕೆ ಚೌರಿ ಇಲ್ಲದೆ ನಡೆಯುತ್ತಿರಲಿಲ್ಲ. ಆ ಚೌರಿಗೊಂದು ಒಳ್ಳೆಯ ಗುಣವಿತ್ತು. ರಾತ್ರಿ ಬಿಚ್ಚಿ ಗೋಡೆಯ ಮೊಳೆಗೆ ನೇತುಹಾಕಿದರೆ ಮುಗಿಯಿತು. ಹೆಣೆದವಳ ಕೈ ಬಿಗಿಯಾಗಿದ್ದರೆ ಒಂದು ಸಂಜೆಯ ತಲೆನೋವು, ಅಷ್ಟೆ. ಇವತ್ತು ಪಾರ್ಲರುಗಳಲ್ಲಿ ಹೇರ್ ಎಕ್ಸ್‌ಟೆನ್ಷನ್ ಎಂಬ ಹೆಸರಿನಲ್ಲಿ ನಡೆಯುವ ಕೆಲಸದ ಸ್ವಭಾವವೇ ಬೇರೆ. ಕ್ಲಿಪ್ಪಿನದನ್ನು ಬಿಟ್ಟರೆ ಟೇಪು, ಕೆರಾಟಿನ್ ಅಂಟು, ಸಾಸಿವೆಯಷ್ಟು ಸಣ್ಣ ಲೋಹದ ಉಂಗುರ, ಹೊಲಿಗೆ, ಯಾವುದಾದರೂ ಸರಿ, ಕೂದಲಿನ ಬುಡದ ಪಕ್ಕದಲ್ಲೇ ಕೂತು ಆರು ವಾರದಿಂದ ನಾಲ್ಕು ತಿಂಗಳವರೆಗೆ ಅಲ್ಲೇ ಉಳಿಯುತ್ತದೆ. ಅದನ್ನು ಹೊತ್ತುಕೊಂಡೇ ಮಲಗಬೇಕು, ಮೀಯಬೇಕು, ಕೆಲಸಕ್ಕೆ ಹೋಗಬೇಕು. ಚೌರಿಗೂ ಇದಕ್ಕೂ ಇರುವ ಈ ವ್ಯತ್ಯಾಸ ನಮ್ಮ ತರಬೇತಿ ವ್ಯವಸ್ಥೆಯ ಕಣ್ಣಿಗೆ ಇನ್ನೂ ಬಿದ್ದಿಲ್ಲ. ತಮಿಳುನಾಡಿನ ನೀಲಗಿರಿಯಂಥ ಗುಡ್ಡಗಾಡು ಜಿಲ್ಲೆಯಲ್ಲಿ ಈ ಕೆಲಸವನ್ನು ಹೊಸದಾಗಿ ಕಲಿತ ಹುಡುಗಿಯ ಕೈಗೆ ಪ್ರಮಾಣಪತ್ರವನ್ನೂ ಸಾಲದ ಅರ್ಜಿಯನ್ನೂ ಒಟ್ಟಿಗೇ ಕೊಟ್ಟು, ಇನ್ನು ಅಂಗಡಿ ತೆರೆಯಮ್ಮ ಎಂದು ಕಳಿಸಿಬಿಡುತ್ತೇವೆ. ಪ್ರಮಾಣಪತ್ರ ಬಂದ ಮೇಲಿನ ಮೊದಲ ವರ್ಷವೇ ಅವಳ ನಿಜವಾದ ಕಲಿಕೆಯ ಕಾಲ, ಸರ್ಕಾರದ ದುಡ್ಡು ಹೋಗಬೇಕಾದದ್ದು ಆ ವರ್ಷಕ್ಕೆ ಎಂಬುದು ನನ್ನ ವಾದ.

ತರಬೇತಿಯೇ ಇಲ್ಲ ಎಂದು ಯಾರೂ ಹೇಳುವಂತಿಲ್ಲ. ಐಟಿಐಗಳಲ್ಲಿ ಒಂದು ವರ್ಷದ ಕಾಸ್ಮೆಟಾಲಜಿ ಇದೆ. 2015ರ ಜುಲೈನಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಡಿ ಹೇರ್ ಸ್ಟೈಲಿಸ್ಟ್, ಬ್ಯೂಟಿ ಥೆರಪಿಸ್ಟ್ ಮುಂತಾದ ಅಲ್ಪಾವಧಿ ಕೋರ್ಸುಗಳಿವೆ. ತಮಿಳುನಾಡು ಸರ್ಕಾರ 2022ರ ಮಾರ್ಚಿನಲ್ಲಿ 'ನಾನ್ ಮುದಲ್ವನ್' ಎಂಬ ತನ್ನದೇ ಕೌಶಲ ಯೋಜನೆ ತಂದಿತು. ಆದರೆ ಇವೆಲ್ಲ ಮುಖ್ಯವಾಗಿ ಕತ್ತರಿ, ಬಣ್ಣ, ಫೇಶಿಯಲ್‌ಗಳ ಸುತ್ತ ಕಟ್ಟಿದ ಪಾಠಗಳು. ಎಕ್ಸ್‌ಟೆನ್ಷನ್ನೇ ಬೇಕೆಂದವರು ಕೊಯಮತ್ತೂರು, ಬೆಂಗಳೂರು, ಚೆನ್ನೈಗಳ ಖಾಸಗಿ ಅಕಾಡೆಮಿಗಳ ಎರಡು ಮೂರು ದಿನದ ಕೋರ್ಸಿಗೆ ಕೈಯಿಂದ ದುಡ್ಡು ಹಾಕಿ ಹೋಗುತ್ತಾರೆ. ಮೇಜಿನ ಅಂಚಿಗೆ ಕ್ಲಾಂಪು ಹಾಕಿ ನಿಲ್ಲಿಸಿದ ಬೊಂಬೆಯ ತಲೆ ಅಲ್ಲಿ ಕಾಯುತ್ತಿರುತ್ತದೆ. ಬಾಚಣಿಗೆಯ ಚೂಪು ತುದಿಯಿಂದ ಅಡ್ಡ ಬೈತಲೆ ತೆಗೆಯುವುದು, ತೆಳುವಾದ ಒಂದೆಳೆ ಎತ್ತಿ ಅದರ ಕೆಳಗೊಂದು ಮೇಲೊಂದು ಟೇಪು ಕೂರಿಸಿ ಒತ್ತುವುದು, ಮುಂಭಾಗದಲ್ಲೂ ನೆತ್ತಿಯ ಮೇಲೂ ಜಾಗ ಬಿಡುವುದು, ಎಲ್ಲವನ್ನೂ ಕಲಿಸುತ್ತಾರೆ. ಮೂರನೆಯ ದಿನ ಬೊಂಬೆಯ ಕೂದಲು ಸೊಂಟದವರೆಗೆ ಇಳಿಯುತ್ತದೆ, ಫೋಟೊ ತೆಗೆಯುತ್ತಾರೆ, ಪ್ರಮಾಣಪತ್ರ ಬರುತ್ತದೆ. ಕೈಗೆ ಇದು ಒಳ್ಳೆಯ ಅಭ್ಯಾಸವೇ. ಅದನ್ನು ಹಳಿಯುವ ಕಾರಣವಿಲ್ಲ.

ಆದರೆ ಬೊಂಬೆಯ ಕೂದಲು ಬೆಳೆಯುವುದಿಲ್ಲ, ಉದುರುವುದಿಲ್ಲ, ಬೊಂಬೆಯ ತಲೆಗೆ ನೋವಾಗುವುದಿಲ್ಲ. ಕಸುಬಿನ ಕಷ್ಟವೆಲ್ಲ ಇರುವುದು ಈ ಮೂರರಲ್ಲಿ. ಮನುಷ್ಯರ ಕೂದಲು ತಿಂಗಳಿಗೆ ಒಂದು, ಒಂದೂಕಾಲು ಸೆಂಟಿಮೀಟರ್ ಬೆಳೆಯುತ್ತದೆ. ಬುಡದ ಹತ್ತಿರ ಕೂರಿಸಿದ ಟೇಪು ಎರಡು ತಿಂಗಳಲ್ಲಿ ಎರಡು, ಎರಡೂವರೆ ಸೆಂಟಿಮೀಟರ್ ಕೆಳಗಿಳಿದು ಜೋತಾಡತೊಡಗುತ್ತದೆ, ಮಲಗಿದಾಗ ಮಗುಚುತ್ತದೆ, ಅಕ್ಕಪಕ್ಕದ ಕೂದಲಿನೊಂದಿಗೆ ಸಿಕ್ಕು ಹಾಕಿಕೊಳ್ಳುತ್ತದೆ. ಅಷ್ಟರೊಳಗೆ ಅದನ್ನು ಬಿಚ್ಚಿ ಮತ್ತೆ ಮೇಲೆ ಕೂರಿಸಬೇಕು. ಇನ್ನು ಉದುರುವ ಲೆಕ್ಕ. ಆರೋಗ್ಯವಾಗಿರುವ ತಲೆಯಿಂದ ದಿನಕ್ಕೆ ಐವತ್ತರಿಂದ ನೂರು ಕೂದಲು ಬೀಳುವುದು ಸಹಜ. ಮೂರು ತಿಂಗಳಿಗೆ ಲೆಕ್ಕ ಹಾಕಿದರೆ ಸಾವಿರಗಟ್ಟಲೆಯಾಯಿತು. ಅವುಗಳಲ್ಲಿ ಅಂಟಿನೊಳಗೆ ಸಿಕ್ಕಿಕೊಂಡವು ಬುಡ ಬಿಟ್ಟರೂ ನೆಲಕ್ಕೆ ಬೀಳಲಾರದೆ ಅಲ್ಲೇ ಉಳಿಯುತ್ತವೆ. ಬಿಚ್ಚುವ ದಿನ ಅವೆಲ್ಲ ಒಮ್ಮೆಗೇ ಬಾಚಣಿಗೆಗೆ ಬರುತ್ತವೆ. ಕುರ್ಚಿಯಲ್ಲಿ ಕೂತವಳು ತನ್ನ ಮಡಿಲಲ್ಲಿ ಬಿದ್ದ ಕೂದಲ ಉಂಡೆ ನೋಡಿ ಗಾಬರಿಯಾದಾಗ, ಇದು ಉದುರಬೇಕಾಗಿದ್ದ ಕೂದಲೋ ತುಂಡಾಗಿ ಬಂದ ಕೂದಲೋ ಎಂದು ಬುಡ ನೋಡಿ ಹೇಳಬಲ್ಲವಳು ಬೇಕು. ಸಹಜವಾಗಿ ಬಿದ್ದ ಕೂದಲಿನ ತುದಿಯಲ್ಲಿ ಬಿಳಿಯ ಸಣ್ಣ ಗಂಟಿರುತ್ತದೆ. ನಡುವೆ ತುಂಡಾದದ್ದಕ್ಕೆ ಅದಿರುವುದಿಲ್ಲ. ಮೂರು ದಿನದ ಕೋರ್ಸಿನಲ್ಲಿ ಮೂರು ತಿಂಗಳ ನಂತರದ ಈ ದೃಶ್ಯ ಹೇಗೆ ಬರಬೇಕು? ಬಿಚ್ಚುವ ದ್ರಾವಣ ಹಚ್ಚಿ, ಅದು ಅಂಟನ್ನು ಸಡಿಲಿಸುವವರೆಗೆ ಕಾಯುವ ತಾಳ್ಮೆಯನ್ನು ಬೊಂಬೆ ಕಲಿಸಲಾರದು. ಎಳೆದರೂ ಅದು ಸುಮ್ಮನೇ ಇರುತ್ತದೆ.

ನೋವಿನ ಮಾತನ್ನಂತೂ ಬಿಡಿಸಿಯೇ ಹೇಳಬೇಕು. ದಿನವಿಡೀ ಎಳೆತ ಬಿದ್ದ ಕಡೆ ಕೂದಲಿನ ಬುಡ ದಣಿದು, ಮೊದಲು ಕೆಂಪಾಗಿ, ಸಣ್ಣ ಗುಳ್ಳೆ ಎದ್ದು, ಹಾಗೇ ಮುಂದುವರಿದರೆ ಅಲ್ಲಿ ಕೂದಲು ಮತ್ತೆ ಹುಟ್ಟದಂತಾಗುತ್ತದೆ. ವೈದ್ಯರು ಇದಕ್ಕೆ ಟ್ರ್ಯಾಕ್ಷನ್ ಅಲೊಪೇಶಿಯ ಎನ್ನುತ್ತಾರೆ. ಇಪ್ಪತ್ತನೇ ಶತಮಾನದ ಆರಂಭದಲ್ಲೇ ಗ್ರೀನ್‌ಲ್ಯಾಂಡಿನ ಹೆಂಗಸರ ಬಿಗಿಜಡೆಯಿಂದ ಆಗುವ ತೊಂದರೆಯೆಂದು ಇದನ್ನು ಗುರುತಿಸಿದ್ದರು. ಬೇಗ ಗೊತ್ತಾದರೆ ಬಿಚ್ಚಿದ ಮೇಲೆ ಸರಿಹೋಗುತ್ತದೆ, ತಡವಾದರೆ ಇಲ್ಲ. ಹಣೆಯ ಅಂಚಿನ ಮುಂಗುರುಳು, ಕಿವಿಯ ಮೇಲಿನ ನವಿರು ಕೂದಲು ಮೊದಲು ಹೋಗುವಂಥವು. ಎಕ್ಸ್‌ಟೆನ್ಷನ್ ಕೇಳಿಕೊಂಡು ಬರುವವರಲ್ಲಿ ಕೂದಲು ತೆಳುವಾಗಿದೆ ಎಂದು ಬರುವವರೇ ಬಹಳ ಎಂಬುದು ಈ ಕಸುಬಿನ ವಿಚಿತ್ರ. ಅವರಲ್ಲಿ ಎಷ್ಟೋ ಜನರ ತಲೆಗೆ ಇದನ್ನು ಹಾಕಲೇಬಾರದು. ಹೆರಿಗೆಯಾದ ಮೇಲೆ ಉದುರುತ್ತಿರುವವಳಿಗೆ, ಥೈರಾಯ್ಡ್ ಇರುವವಳಿಗೆ, ಬೈತಲೆ ದಿನೇದಿನೇ ಅಗಲವಾಗುತ್ತಿರುವವಳಿಗೆ 'ನಿಮಗೆ ಇದು ಬೇಡಮ್ಮ, ಮದುವೆ ದಿನಕ್ಕೆ ಕ್ಲಿಪ್ಪಿನದು ಹಾಕಿ ಸಂಜೆ ತೆಗೆದುಬಿಡೋಣ' ಎನ್ನಬೇಕು. ಸಾಲ ಮಾಡಿ ಅಂಗಡಿ ತೆರೆದು, ತಿಂಗಳ ಕಂತು ತಲೆಯ ಮೇಲೆ ಕೂತಿರುವ ಇಪ್ಪತ್ತರ ಹುಡುಗಿಯ ಬಾಯಲ್ಲಿ ಆ ಮಾತು ಸುಲಭಕ್ಕೆ ಬರುವುದಿಲ್ಲ. ಅವಳು ಕೆಟ್ಟವಳೆಂದಲ್ಲ. ಬಂದ ಗಿರಾಕಿಯನ್ನು ವಾಪಸು ಕಳಿಸುವ ಧೈರ್ಯ ಬರಬೇಕಾದರೆ ಬೆನ್ನ ಹಿಂದೆ ಹಿರಿಯಳೊಬ್ಬಳು ನಿಂತಿರಬೇಕು, ಅಥವಾ ತಿಂಗಳ ಕೊನೆಗೆ ಸಂಬಳವೊಂದು ಖಾತ್ರಿಯಾಗಿರಬೇಕು.

ಈಗ ನೀಲಗಿರಿಗೆ ಬರೋಣ. ಒಂದೇ ಜಿಲ್ಲೆಯಾದರೂ ತಲೆಗಳು ಒಂದೇ ಅಲ್ಲ. ಸಮುದ್ರ ಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದ ಉದಕಮಂಡಲದಲ್ಲಿ, ಅಂದರೆ ಊಟಿಯಲ್ಲಿ, ಕೊಬ್ಬರಿ ಎಣ್ಣೆ ವರ್ಷದ ಬಹುಪಾಲು ಬಾಟಲಿಯಲ್ಲಿ ಹೆಪ್ಪುಗಟ್ಟಿಯೇ ಇರುತ್ತದೆ. ಬಿಸಿನೀರಿನಲ್ಲಿ ಬಾಟಲಿ ಇಟ್ಟು ಕರಗಿಸಿ ತಲೆಗೆ ಹಚ್ಚುತ್ತಾರೆ. ಟೇಪಿನ ಅಂಟಿಗೆ ಎಣ್ಣೆಯಷ್ಟು ದೊಡ್ಡ ಶತ್ರು ಇನ್ನೊಂದಿಲ್ಲ. ಎಣ್ಣೆ ಸೋಕಿದರೆ ಅದು ಜಾರುತ್ತದೆ. ವಾರಕ್ಕೊಮ್ಮೆ ಎಣ್ಣೆ ನೀವಿ ತಲೆಗೆ ನೀರು ಹಾಕಿಕೊಳ್ಳುವ ಮನೆಯ ಹೆಣ್ಣಿಗೆ, ಎಣ್ಣೆ ಬಿಡಿ ಎಂದು ಹೇಳಿದರೆ ಸಾಲದು. ಯಾವ ವಿಧಾನ ಹಾಕಿದರೆ ಅವಳ ಎಣ್ಣೆಯೂ ಉಳಿದು ಕೂದಲೂ ಉಳಿಯುತ್ತದೆ ಎಂದು ಯೋಚಿಸಬೇಕು. ಅಲ್ಲಿಯ ಚಳಿಗೆ ಬುಡ ಬೇಗ ಒಣಗುವುದಿಲ್ಲ, ಒದ್ದೆ ತಲೆಯಲ್ಲಿ ಮಲಗಿದರೆ ಬೆಳಗ್ಗೆ ಕತ್ತಿನ ಮೇಲೆ ಕೂದಲು ಜಡೆಗಟ್ಟಿರುತ್ತದೆ, ಮೇಲೆ ಉಣ್ಣೆಯ ಟೋಪಿಯ ತಿಕ್ಕಾಟ ಬೇರೆ. ಗೂಡಲೂರಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ಬಿಡುವುದಿಲ್ಲ. ಕಲ್ಹಟ್ಟಿ ಘಾಟಿಯ 36 ಹೇರ್‌ಪಿನ್ ತಿರುವು ಇಳಿದು ಮಸಿನಗುಡಿ ತಲುಪಿದರೆ ಮಳೆಯ ನೆರಳಿನ ಒಣ ಬಿಸಿಲು, ದೂಳು, ಬೆವರು. (ರಸ್ತೆಗೂ ತಲೆಪಿನ್ನಿನ ಹೆಸರೇ ಇಟ್ಟಿರುವುದು ಈ ಲೇಖನದ ಅನುಕೂಲಕ್ಕಲ್ಲ.) ತಲೆಗೆ ಬಿಳಿಯ ಪಟ್ಟು ಕಟ್ಟುವ ಬಡಗ ಹಿರಿಯರಿರುವ, ಉದ್ದ ಸುರುಳಿಗಳಾಗಿ ಕೂದಲನ್ನು ಇಳಿಬಿಡುವ ತೋಡ ಹೆಂಗಸರಿರುವ ಜಿಲ್ಲೆ ಇದು. ಕೂದಲ ಬಗ್ಗೆ ಇಲ್ಲಿಯವರಿಗೆ ತಮ್ಮದೇ ತಿಳಿವಳಿಕೆ ಬಹಳ ಕಾಲದಿಂದ ಇದೆ. ಬೆಂಗಳೂರಿನ ಎಸಿ ಕೋಣೆಯಲ್ಲಿ ಬರೆದ ಪಾಠ ಇಲ್ಲಿ ಹಾಗೇ ನಡೆಯುವುದಿಲ್ಲ. ಮಾತಿನ ವಿಷಯವೂ ಅಷ್ಟೆ. ಒಂದೇ ಪಾರ್ಲರಿಗೆ ತಮಿಳು, ಬಡಗ, ಮಲಯಾಳ, ಕನ್ನಡ ಆಡುವವರು ಬರುತ್ತಾರೆ. ಜನಗಣತಿಯವರು ಬಡಗವನ್ನು ಕನ್ನಡದ ಅಡಿಯಲ್ಲೇ ಎಣಿಸುತ್ತಾರೆ, ಆಡುವವರ ಅಭಿಪ್ರಾಯ ಬೇರೆ ಇರಬಹುದು. ಎಲ್ಲಿ ಎಳೆಯುತ್ತಿದೆ, ಎಲ್ಲಿ ಉರಿಯುತ್ತಿದೆ ಎಂದು ಗಿರಾಕಿ ಹೇಳುವುದು ಮನೆಮಾತಿನಲ್ಲಿ. ಊರಿನ ಹುಡುಗಿಯೇ ಈ ಕೆಲಸದಲ್ಲಿರಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ.

ಪ್ರವಾಸಿ ಊರು, ಗಿರಾಕಿಗೇನು ಕೊರತೆ ಎಂದು ತರಬೇತಿ ಕೇಂದ್ರದವರು ಹುರಿದುಂಬಿಸುವುದುಂಟು. ಲೆಕ್ಕ ಹಾಕಿ ನೋಡಿದರೆ ಈ ಮಾತು ನಿಲ್ಲುವುದಿಲ್ಲ. ಊಟಿಗೆ ಬಂದವರು ಹೂವಿನ ಪ್ರದರ್ಶನ ನೋಡುತ್ತಾರೆ, ವರ್ಕಿ ಕೊಳ್ಳುತ್ತಾರೆ, ದೋಣಿ ಹತ್ತುತ್ತಾರೆ. ಎರಡು ದಿನದ ಪ್ರವಾಸದಲ್ಲಿ ನಾಲ್ಕು ತಾಸು ಕುರ್ಚಿಯಲ್ಲಿ ಕೂತು ತಲೆಗೆ ಕೂದಲು ಅಂಟಿಸಿಕೊಳ್ಳುವುದಿಲ್ಲ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ ತಿಂಗಳಿಂದ ಬೆಟ್ಟಕ್ಕೆ ಬರುವ ಪ್ರವಾಸಿ ವಾಹನಗಳಿಗೆ ಇ-ಪಾಸ್ ಇದೆ, 2025ರ ಏಪ್ರಿಲ್‌ನಿಂದ ಬೇಸಿಗೆಯ ಸೀಸನ್ನಿಗೆ ವಾರದ ದಿನ 6,000, ವಾರಾಂತ್ಯ 8,000 ವಾಹನಗಳ ಮಿತಿಯೂ ಬಂತು. ಬೆಟ್ಟದ ಆರೋಗ್ಯಕ್ಕೆ ಅದು ಬೇಕಾದದ್ದೇ. ಹೇಗೂ ಈ ಕಸುಬಿನ ಗಿರಾಕಿ ಸ್ಥಳೀಯಳು: ಮದುಮಗಳು, ಶಿಕ್ಷಕಿ, ಬ್ಯಾಂಕಿನ ಉದ್ಯೋಗಿ, ಎಸ್ಟೇಟಿನ ಕಚೇರಿಯವಳು. 2011ರ ಜನಗಣತಿಯಲ್ಲಿ ಇಡೀ ಜಿಲ್ಲೆಯ ಜನಸಂಖ್ಯೆ 7,35,394. ಸಾವಿರ ಗಂಡಸರಿಗೆ ಸಾವಿರಕ್ಕೂ ಮಿಕ್ಕಿ ಹೆಂಗಸರಿರುವ ಜಿಲ್ಲೆ ಎಂಬುದು ನಿಜ, ಆದರೆ ಅವರಲ್ಲಿ ಹತ್ತಾರು ಸಾವಿರ ರೂಪಾಯಿಯ ಕೂದಲು ಕೊಳ್ಳಬಲ್ಲವರು ಎಷ್ಟು ಜನ? ಅಂಥವರೂ ಆರು ತಾಲ್ಲೂಕುಗಳಲ್ಲಿ ಚದುರಿದ್ದಾರೆ. ಗೂಡಲೂರಿನಿಂದ ಊಟಿಗೆ ಐವತ್ತು ಕಿಲೋಮೀಟರ್ ಘಾಟಿ ರಸ್ತೆ. ಒಬ್ಬಳು ಒಂಟಿಯಾಗಿ ಕೂತರೆ ವಾರಕ್ಕೊಂದು ತಲೆ ಸಿಗುವುದೂ ಕಷ್ಟ. ವಾರಕ್ಕೊಂದು ತಲೆ ಸಿಗದವಳ ಕೈ ಪಳಗುವುದು ಯಾವಾಗ?

ಇದರ ಮೇಲೆ ಬಂಡವಾಳದ ಮಾತು. ಈ ಕೆಲಸದಲ್ಲಿ ದುಡ್ಡು ಮುಳುಗುವುದು ಕುರ್ಚಿ ಕನ್ನಡಿಗಳಲ್ಲಲ್ಲ, ಕೂದಲಿನಲ್ಲಿ. ಒಂದು ತಲೆ ತುಂಬಲು ನೂರರಿಂದ ನೂರೈವತ್ತು ಗ್ರಾಂ ಬೇಕು, ಬಣ್ಣ ಉದ್ದಗಳ ಬೇರೆ ಬೇರೆ ಕಟ್ಟು ಕೈಯಲ್ಲಿರಬೇಕು. ಆ ಕೂದಲು ಬರುವುದು ಎರಡು ಮೂಲದಿಂದ. ಒಂದು ದೇವಸ್ಥಾನದ ಮುಡಿ. ತಿರುಮಲದ ಕಲ್ಯಾಣಕಟ್ಟೆಯ ಕೂದಲನ್ನು ಉದ್ದದ ಪ್ರಕಾರ ದರ್ಜೆ ಮಾಡಿ ಟಿಟಿಡಿ ಇ-ಹರಾಜು ಹಾಕುತ್ತದೆ, ವರ್ಷಕ್ಕೆ ನೂರು ಕೋಟಿ ರೂಪಾಯಿಗೂ ಹೆಚ್ಚು ಬರುತ್ತದೆ. ಇದು ಬುಡದಿಂದ ತುದಿಗೆ ಒಂದೇ ದಿಕ್ಕಿನಲ್ಲಿ ಕತ್ತರಿಸಿದ ಕೂದಲು. ಸರಿಯಾಗಿ ಜೋಡಿಸಿಟ್ಟದ್ದಕ್ಕೆ ವ್ಯಾಪಾರದಲ್ಲಿ ರೆಮಿ ಎನ್ನುತ್ತಾರೆ, ಬೆಲೆ ಜಾಸ್ತಿ. ಇನ್ನೊಂದು, ಬಾಚಣಿಗೆಗೆ ಬಂದ ಉಂಡೆ ಕೂದಲು. ಬಲೂನು, ಪಿನ್ನು, ಸ್ಟೀಲ್ ಡಬ್ಬಿ ಕೊಟ್ಟು ಬೀದಿ ಬೀದಿಯಲ್ಲಿ ಕೊಳ್ಳುವವರು ಅದನ್ನು ಕೂಡಿಸುತ್ತಾರೆ. ನಮ್ಮ ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಅಂಥ ಉಂಡೆಗಳ ಸಿಕ್ಕು ಬಿಡಿಸಿ, ತೊಳೆದು, ಉದ್ದಕ್ಕೆ ತಕ್ಕಂತೆ ವಿಂಗಡಿಸುವುದೇ ದೊಡ್ಡ ಉದ್ಯಮ. ಹೆಂಗಸರು ಮನೆಯಲ್ಲಿ ಕೂತು ಎಳೆ ಎಳೆಯಾಗಿ ಬಿಡಿಸುತ್ತಾರೆ. ಆ ಉಂಡೆಯಲ್ಲಿ ಬುಡ ತುದಿಗಳು ಉಲ್ಟಾಪಲ್ಟಾ ಸೇರಿರುವುದರಿಂದ ಮೀನಿನ ಹುರುಪೆಯಂಥ ಹೊರಪದರಗಳು ಒಂದಕ್ಕೊಂದು ಕೊಕ್ಕೆ ಹಾಕಿಕೊಳ್ಳುತ್ತವೆ. ಆಸಿಡ್ಡಿನಲ್ಲಿ ಆ ಪದರ ಸವೆಸಿ ಸಿಲಿಕೋನ್ ಲೇಪಿಸಿದರೆ ಅಂಗಡಿಯಲ್ಲಿ ರೇಷ್ಮೆಯಂತೆ ಹೊಳೆಯುತ್ತದೆ, ನಾಲ್ಕು ಸಲ ತಲೆ ತೊಳೆದ ಮೇಲೆ ತೆಂಗಿನ ನಾರಾಗುತ್ತದೆ. ಒಂದೆಳೆಯನ್ನು ಬೆರಳಿನ ನಡುವೆ ಹಿಡಿದು ಮೇಲಕ್ಕೂ ಕೆಳಕ್ಕೂ ತೀಡಿದರೆ ಒಂದು ಕಡೆ ನುಣುಪು, ಇನ್ನೊಂದು ಕಡೆ ತುಸು ತಡೆ ಸಿಗಬೇಕು. ಎರಡೂ ಕಡೆ ಗಾಜಿನಂತೆ ಜಾರಿದರೆ ಸಂಶಯ ಪಡಬೇಕು. ಬೆರಳಿಗೆ ಈ ಬುದ್ಧಿ ಬರಬೇಕಾದರೆ ನೂರಾರು ಕಟ್ಟು ಮುಟ್ಟಿರಬೇಕು. ಅದಕ್ಕೆ ಮೊದಲೇ ಸಾಲದ ಹಣದಲ್ಲಿ ಕೂದಲು ಕೊಳ್ಳುವವಳು ಸಿಲಿಕೋನಿಗೆ ದುಡ್ಡು ಕೊಟ್ಟು ಬರುತ್ತಾಳೆ. ಒಳ್ಳೆಯ ಕೂದಲು ಹೊರದೇಶಕ್ಕೆ ಹೋಗುತ್ತದೆ ಎಂಬ ದೂರೂ ಇದೆ. ಕಚ್ಚಾ ಕೂದಲಿನ ರಫ್ತನ್ನು ಕೇಂದ್ರ 2022ರ ಜನವರಿಯಲ್ಲಿ ನಿರ್ಬಂಧಿತ ಪಟ್ಟಿಗೆ ಸೇರಿಸಿತು, ಕಳ್ಳದಾರಿಯಲ್ಲಿ ಮ್ಯಾನ್ಮಾರ್, ಚೀನಾಕ್ಕೆ ಹೋಗುವುದನ್ನು ತಡೆಯಲಿಕ್ಕೆ. ಆದರೆ ಆ ನಿಯಮದಿಂದ ಗೂಡಲೂರಿನ ಹೊಸಬಳಿಗೆ ಒಳ್ಳೆಯ ಕಟ್ಟು ಗುರುತಿಸುವ ಶಕ್ತಿ ಬರುವುದಿಲ್ಲ.

ಹಾಗಾದರೆ ಸರ್ಕಾರದ ಯೋಜನೆಗಳು ಅವಳಿಗೆ ಏನು ಕೊಡುತ್ತವೆ? 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮದಲ್ಲಿ 18 ಕಸುಬುಗಳಿವೆ, ಕ್ಷೌರವೂ ಅದರಲ್ಲಿದೆ. ತರಬೇತಿಯ ಪ್ರತಿ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000 ರೂಪಾಯಿ, ಆಮೇಲೆ ಶೇ 5ರ ಬಡ್ಡಿಯಲ್ಲಿ ಸಾಲ. ಆದರೆ ತಮಿಳುನಾಡು ಈ ಯೋಜನೆಯನ್ನು ಈಗಿರುವ ರೂಪದಲ್ಲಿ ಜಾರಿ ಮಾಡುವುದಿಲ್ಲ ಎಂದಿತು. ಅಪ್ಪನ ಕಸುಬು ಮಗನಿಗೆ ಎಂಬಂತಿದೆ ಎನ್ನುವುದು ಅದರ ಆಕ್ಷೇಪ. 1953ರಲ್ಲಿ ರಾಜಾಜಿ ತಂದ ಅರ್ಧ ದಿನದ ಶಾಲೆ, ಉಳಿದ ಅರ್ಧ ದಿನ ಮನೆಗಸುಬು ಎಂಬ ಯೋಜನೆಯ ಗಾಯ ಆ ರಾಜ್ಯದಲ್ಲಿ ಇನ್ನೂ ಮಾಸಿಲ್ಲ. ಕೂದಲ ಕೆಲಸವನ್ನೇ ಮುಂದಿಟ್ಟು ಆ ಕೆಲಸದವರನ್ನು ಅವಮಾನಿಸಿದ ಸಮಾಜ ನಮ್ಮದು. ಆ ಆಕ್ಷೇಪದಲ್ಲಿ ಹುರುಳಿದೆ ಎಂದೇ ನನ್ನ ಅಭಿಪ್ರಾಯ. ಬದಲಿಗೆ ಆ ರಾಜ್ಯ 2025ರ ಏಪ್ರಿಲ್‌ನಲ್ಲಿ ಕಲೈಞರ್ ಕೈವಿನೈ ತಿಟ್ಟಂ ಎಂಬ ಕೈಕಸುಬಿನ ಯೋಜನೆ ತಂದಿತು. ಕೇಶಾಲಂಕಾರವೂ ಸೇರಿದಂತೆ 25 ಕಸುಬು, 3 ಲಕ್ಷ ರೂಪಾಯಿವರೆಗೆ ಸಾಲ, ಅದರಲ್ಲಿ ಶೇ 25ರಷ್ಟು, ಗರಿಷ್ಠ 50,000 ರೂಪಾಯಿ ಸಹಾಯಧನ, ಜಾತಿಯ ಪ್ರಶ್ನೆ ಇಲ್ಲ. ಕನಿಷ್ಠ ವಯಸ್ಸು ಮಾತ್ರ 35. ಎಳೆಯರು ಕಾಲೇಜು ಬಿಟ್ಟು ಕುಲಕಸುಬಿಗೆ ಮರಳದಿರಲಿ ಎಂಬ ಸದುದ್ದೇಶದ ಮಿತಿ ಅದು. ಆದರೆ ಹೇರ್ ಎಕ್ಸ್‌ಟೆನ್ಷನ್ ಯಾರ ಕುಲಕಸುಬೂ ಅಲ್ಲ. ಅಪ್ಪನೂ ಮಾಡದ, ಅಜ್ಜಿಯೂ ಮಾಡದ ಕೆಲಸವನ್ನು ಆರಿಸಿಕೊಂಡ ಹುಡುಗಿಗೆ, ಅಜ್ಜನ ಕಸುಬಿನಿಂದ ಅವಳನ್ನು ಕಾಪಾಡಲು ಹಾಕಿದ ಬೇಲಿಯೇ ಅಡ್ಡ ಬರುತ್ತಿದೆ.

ಉಳಿದದ್ದು ಶಿಷ್ಯವೃತ್ತಿ, ಅಂದರೆ ಅಪ್ರೆಂಟಿಸ್‌ಶಿಪ್. ನಿಜಕ್ಕೂ ಬೇಕಾದದ್ದು ಇದೇ. 2016ರಲ್ಲಿ ಆರಂಭವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರೋತ್ಸಾಹ ಯೋಜನೆಯಲ್ಲಿ ಭತ್ಯೆಯ ಶೇ 25ರಷ್ಟನ್ನು, ತಿಂಗಳಿಗೆ 1,500 ರೂಪಾಯಿವರೆಗೆ, ಕೇಂದ್ರ ಭರಿಸುತ್ತದೆ. ಆದರೆ 1961ರ ಅಪ್ರೆಂಟಿಸ್ ಕಾಯ್ದೆಯ ನಿಯಮಗಳ ಪ್ರಕಾರ 30 ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಗಳಿಗೆ ಇದು ಕಡ್ಡಾಯ, ನಾಲ್ಕರಿಂದ 29 ಜನರಿದ್ದರೆ ಐಚ್ಛಿಕ, ನಾಲ್ಕಕ್ಕಿಂತ ಕಡಿಮೆಯಿದ್ದರೆ ಅವಕಾಶವೇ ಇಲ್ಲ. ಸಣ್ಣ ಊರಿನ ಪಾರ್ಲರ್ ಎಂದರೆ ಒಬ್ಬಳು ಮಾಲಕಿ, ಒಬ್ಬಳು ಸಹಾಯಕಿ, ಎರಡು ಕುರ್ಚಿ, ಪರದೆಯ ಹಿಂದೊಂದು ತಲೆ ತೊಳೆಯುವ ಬೇಸಿನ್. ಇಪ್ಪತ್ತು ವರ್ಷ ಕೂದಲು ಮುಟ್ಟಿದ ಆ ಮಾಲಕಿಗೆ ಕಲಿಸುವ ಯೋಗ್ಯತೆ ಕಾನೂನಿನ ಕಣ್ಣಲ್ಲಿ ಇಲ್ಲ. ಹೀಗೆ ಒಂದು ಬಾಗಿಲು ಅವಳ ರಾಜ್ಯದಲ್ಲಿ ತೆರೆದೇ ಇಲ್ಲ, ಇನ್ನೊಂದು ಅವಳಿಗೆ 35 ಆಗುವವರೆಗೆ ತೆರೆಯುವುದಿಲ್ಲ, ಮೂರನೆಯದು ನಾಲ್ಕು ಜನ ಕೂಡದೆ ತೆರೆಯುವುದಿಲ್ಲ. ಸಾಲ ಸಿಗುವುದಿಲ್ಲವೇ ಎಂದರೆ ಸಿಗುತ್ತದೆ. ಮುದ್ರಾ ಶಿಶು ಸಾಲ 50,000 ರೂಪಾಯಿವರೆಗೆ ಅಡಮಾನವಿಲ್ಲದೆ ದೊರೆಯುತ್ತದೆ, ನಿರುದ್ಯೋಗಿ ಯುವಜನರಿಗೆ ರಾಜ್ಯದ ಯೋಜನೆಯೂ ಇದೆ. ಸಾಲ ಸಿಗುವುದೇ ಇಲ್ಲಿಯ ಅಪಾಯ. ಕೆಲಸ ಪಳಗುವ ಮೊದಲೇ ಅಂಗಡಿ ತೆರೆಯಲು ಮಾತ್ರ ಹಣ ಸಿಗುತ್ತದೆ, ಪಳಗಿಸಿಕೊಳ್ಳಲು ಸಿಗುವುದಿಲ್ಲ.

ಶೋಕಿಯ ಕೆಲಸಕ್ಕೆ ತೆರಿಗೆದಾರರ ದುಡ್ಡೇಕೆ ಎಂದು ಕೇಳುವವರಿರುತ್ತಾರೆ. ಸೌಂದರ್ಯ ಸೇವೆಗಳ ಮೇಲಿನ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ 18ರಿಂದ 5ಕ್ಕೆ ಇಳಿಸಿದಾಗಲೇ ಇದು ಶೋಕಿಯೆಂಬ ವಾದವನ್ನು ಸರ್ಕಾರವೇ ಅರ್ಧ ಕೈಬಿಟ್ಟಿದೆ. ಕಿಮೊಥೆರಪಿಯಲ್ಲಿ ಕೂದಲು ಕಳೆದುಕೊಂಡವಳಿಗೆ ವಿಗ್ ಕೂರಿಸುವ, ಸುಟ್ಟ ಗಾಯದ ಕಲೆ ಮುಚ್ಚುವ ಕೆಲಸವೂ ಇದೇ ಕೈಗಳಿಂದ ಆಗಬೇಕಾದದ್ದು. ಅದಕ್ಕಿಂತ ಮುಖ್ಯವಾಗಿ, ಕತ್ತರಿ, ಬಣ್ಣಗಳ ಕೋರ್ಸಿಗೆ ಸರ್ಕಾರ ಈಗಾಗಲೇ ಖರ್ಚು ಮಾಡುತ್ತಿದೆ. ಕಲಿತವಳು ಆರು ತಿಂಗಳಲ್ಲಿ ಸೋತು ಕೆಲಸ ಬಿಟ್ಟರೆ ಆ ಖರ್ಚು ನೀರಿಗೆ ಹೋಯಿತು. ಒಬ್ಬಳಿಗೆ ತಿಂಗಳಿಗೆ 6,000 ರೂಪಾಯಿಯಂತೆ ಒಂದು ವರ್ಷ ಭತ್ಯೆ ಕೊಟ್ಟರೆ 72,000 ರೂಪಾಯಿ. ಜಿಲ್ಲೆಯಲ್ಲಿ ಐವತ್ತು ಜನರಿಗೆ ಕೊಟ್ಟರೂ ವರ್ಷಕ್ಕೆ 36 ಲಕ್ಷ. ಹನ್ನೆರಡು ಜನ 3 ಲಕ್ಷದ ಸಾಲ ತೆಗೆದುಕೊಂಡು ಮುಳುಗಿಸಿದರೆ ಆಗುವ ನಷ್ಟವೂ ಇಷ್ಟೇ. ಎಕ್ಸ್‌ಟೆನ್ಷನ್ ಜೊತೆಗೆ ಕತ್ತರಿ, ಬಣ್ಣ, ಮದುವೆಯ ಅಲಂಕಾರ ಕಲಿಯುವವರನ್ನೂ ಇದರಲ್ಲಿ ಸೇರಿಸಿಕೊಳ್ಳಬೇಕು, ಯಾಕೆಂದರೆ ಇದೊಂದನ್ನೇ ನಂಬಿ ಬೆಟ್ಟದ ಊರಿನಲ್ಲಿ ಬದುಕುವುದು ಕಷ್ಟ.

ಕೊಯಮತ್ತೂರಿಗೋ ಮೈಸೂರಿಗೋ ಹೋಗಿ ದೊಡ್ಡ ಸಲೂನಿನಲ್ಲಿ ಎರಡು ವರ್ಷ ದುಡಿದು ಬರಲಿ ಎಂಬ ಸಲಹೆ ಸುಲಭ. ಹೋಗಬಲ್ಲವರು ಹೋಗುತ್ತಲೇ ಇದ್ದಾರೆ. ಆದರೆ ಹೊಸಬಳ ಸಂಬಳ ಅಲ್ಲಿಯ ಪಿಜಿ ಬಾಡಿಗೆಗೆ ಸಾಲುವುದಿಲ್ಲ. ದಿನವೂ ಹೋಗಿ ಬರುವುದಂತೂ ಆಗದ ಮಾತು. ಮೈಸೂರಿನ ದಾರಿಯಲ್ಲಿರುವ ಬಂಡೀಪುರದ ರಸ್ತೆ 2009ರಿಂದ ರಾತ್ರಿ ಒಂಬತ್ತಕ್ಕೆ ಮುಚ್ಚಿ ಬೆಳಗ್ಗೆ ಆರಕ್ಕೆ ತೆರೆಯುತ್ತದೆ. ಮನೆಯಲ್ಲಿ ಕಳಿಸುವವರಿಲ್ಲದ, ಮಗು ಇರುವ, ಮುದಿ ತಾಯಿ ಇರುವ ಹೆಣ್ಣುಮಕ್ಕಳಿಗೆ ಊರಲ್ಲೇ ಕಲಿಯುವ ದಾರಿ ಬೇಕು. ಮೇಕಪ್ ಕಲಿತವರು ಮರುದಿನವೇ ಸ್ವಂತ ಕೆಲಸ ಶುರು ಮಾಡುವುದಿಲ್ಲವೇ, ಇವಳಿಗೇಕೆ ತಡೆ ಎಂಬುದು ಇನ್ನಷ್ಟು ಗಟ್ಟಿ ಆಕ್ಷೇಪ. ನಾನು ತಡೆ ಕೇಳುತ್ತಿಲ್ಲ, ಪರವಾನಗಿಯೂ ಬೇಡ. ನಮ್ಮಲ್ಲಿ ಪರವಾನಗಿ ಎಂದರೆ ಇನ್ನೊಬ್ಬರ ಮೇಜಿನ ಮುಂದೆ ನಿಲ್ಲುವುದು. ಆದರೆ ಕೆಟ್ಟ ಮೇಕಪ್ಪನ್ನು ಆ ರಾತ್ರಿಯೇ ತೊಳೆದುಕೊಳ್ಳಬಹುದು. ತಪ್ಪು ಕೂತ ಅಂಟು ಮೂರು ತಿಂಗಳು ಇನ್ನೊಬ್ಬಳ ಬುಡ ಎಳೆಯುತ್ತಲೇ ಇರುತ್ತದೆ. ಅದಕ್ಕೇ ಭತ್ಯೆಯ ಆಸೆ ತೋರಿಸಿ ಕಾಯಿಸುವುದು, ಕಾನೂನಿನ ಕೋಲು ತೋರಿಸಿ ತಡೆಯುವುದಕ್ಕಿಂತ ಮೇಲು.

ಎಲ್ಲಕ್ಕಿಂತ ನಿಜವಾದ ತೊಡಕು ಪಾರ್ಲರ್ ಮಾಲಕಿಯರ ಅಳುಕು. ಇವತ್ತು ಕಲಿಸಿದರೆ ನಾಳೆ ಎದುರಿಗೇ ಅಂಗಡಿ ಹಾಕುತ್ತಾಳೆ ಎಂದು ಅವರು ಹೆದರುವುದು ಸುಳ್ಳಲ್ಲ. ಸಣ್ಣ ಊರಿನಲ್ಲಿ ಒಬ್ಬ ಗಿರಾಕಿ ಹೋದರೂ ಲೆಕ್ಕವೇ. ಇದಕ್ಕೆ ಬೆಟ್ಟವೇ ಉತ್ತರ ಇಟ್ಟುಕೊಂಡಿದೆ. ಗೂಡಲೂರಿನವಳನ್ನು ಊಟಿಯ ಚೇರಿಂಗ್ ಕ್ರಾಸಿನ ಪಾರ್ಲರಿಗೆ, ಕೋಟಗಿರಿಯವಳನ್ನು ಕೂನೂರಿಗೆ, ಮಸಿನಗುಡಿಯವಳನ್ನು ಗೂಡಲೂರಿಗೆ ಕಲಿಯಲು ಕಳಿಸಿದರೆ, ಕಲಿತವಳು ತನ್ನ ಊರಿಗೆ ಮರಳಿದಾಗ ಕಲಿಸಿದವಳ ಗಿರಾಕಿಗೆ ಕೈಹಾಕುವುದಿಲ್ಲ. ನಡುವೆ ಅಷ್ಟು ತಿರುವುಗಳಿವೆ. ಮೂರು ನಾಲ್ಕು ಸಣ್ಣ ಪಾರ್ಲರುಗಳನ್ನು ಒಂದು ಘಟಕವೆಂದು ಎಣಿಸಿದರೆ ನಾಲ್ಕು ಜನರ ನಿಯಮವೂ ದಾಟುತ್ತದೆ. ಕೇಂದ್ರ ಒಪ್ಪದಿದ್ದರೆ ರಾಜ್ಯ ತನ್ನ ದುಡ್ಡಿನಲ್ಲೇ ಮಾಡಬಹುದು. ಕೂದಲನ್ನು ಒಬ್ಬೊಬ್ಬರೇ ಕೊಳ್ಳುವ ಬದಲು ಮಹಿಳಾ ಸ್ವಸಹಾಯ ಗುಂಪಿನ ಮೂಲಕ ಒಟ್ಟಿಗೆ ತರಿಸಿದರೆ, ಕಟ್ಟು ತೀಡಿ ನೋಡಲು ಬಲ್ಲ ಬೆರಳೊಂದು ಆ ಗುಂಪಿನಲ್ಲಿ ಇದ್ದೇ ಇರುತ್ತದೆ. ಕೈವಿನೈ ಯೋಜನೆಯ 35ರ ಮಿತಿಯನ್ನು, ಪ್ರಮಾಣಪತ್ರ ಪಡೆದು ಒಂದು ವರ್ಷ ಹಿರಿಯರ ಕೈಕೆಳಗೆ ದುಡಿದವರಿಗೆ ಸಡಿಲಿಸಿದರೆ, ಸಾಲವೂ ಸರಿಯಾದ ಹೊತ್ತಿಗೆ ಬರುತ್ತದೆ.

ಇನ್ನೊಂದು ಬೇಡಿಕೆ ಪರೀಕ್ಷೆಯದು. ಈಗ ಪರೀಕ್ಷೆ ನಡೆಯುವುದು ಹಾಕುವ ದಿನ. ಅದು ನಡೆಯಬೇಕಾದದ್ದು ಬಿಚ್ಚುವ ದಿನ. ಬೊಂಬೆಯ ಮೇಲೆ ಅರ್ಧ ಅಂಕ ಕೊಡಲಿ. ಉಳಿದರ್ಧವನ್ನು, ಅವಳೇ ಅಂಟಿಸಿದ ತಲೆಯನ್ನು ಎಂಟು ವಾರ ಕಳೆದ ಮೇಲೆ ಅದೇ ಕುರ್ಚಿಯಲ್ಲಿ ಕೂರಿಸಿ, ಬಿಚ್ಚಿಸಿ, ಬೈತಲೆ ತೆಗೆದು, ಬುಡ ನೋಡಿ ಕೊಡಲಿ. ಹಾಕಿದ್ದರ ಫೋಟೊ ಎಲ್ಲರ ಮೊಬೈಲಿನಲ್ಲೂ ಇರುತ್ತದೆ, ಬಿಚ್ಚಿದ್ದರ ಫೋಟೊ ಯಾರೂ ಹಾಕುವುದಿಲ್ಲ. ಮೇ ತಿಂಗಳ ಮದುವೆಗೆ ಅಂಟಿಸಿದ ಟೇಪು ಸಡಿಲವಾಗುವುದು ಜುಲೈನಲ್ಲಿ. ಆ ಹೊತ್ತಿಗೆ ಊಟಿಯಲ್ಲಿ ಸೀಸನ್ ಮುಗಿದಿರುತ್ತದೆ, ಗೂಡಲೂರಿನಲ್ಲಿ ಮಳೆ ಹೊಡೆಯುತ್ತಿರುತ್ತದೆ, ಬಾಡಿಗೆ ಕಟ್ಟಲಾಗದ ಹೊಸ ಅಂಗಡಿಯ ಶಟರ್ ಇಳಿದಿರುತ್ತದೆ. ಒದ್ದೆ ಟೋಪಿಯ ಕೆಳಗೆ ಎರಡೂವರೆ ಸೆಂಟಿಮೀಟರ್ ಜಾರಿದ ಕೂದಲು ಹೊತ್ತ ಮದುಮಗಳು ಯಾರ ಬಾಗಿಲು ತಟ್ಟಬೇಕು?